ಅಳತೆ ಮೀರಿದ ಕೋಣೆ

ಸತ್ತವರು ಮನೆಗೆ ಬರುತ್ತಾರೆ ಎಂಬುದನ್ನು ನಾನು ನಂಬಿದವನಲ್ಲ. ಊರಿನಲ್ಲಿ ಮನೆಯವರು ಹಿರಿಯರಿಗೆ ಎಲೆ ಬಡಿಸಿ ಬಾಗಿಲು ಹಾಕಿಕೊಂಡು ಕಾಯುವಾಗ ಹೊರಗೆ ನಿಂತು ನಗುತ್ತಿದ್ದೆ. ಈಗ ಹೇಳುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಅದಕ್ಕೂ ನಗುತ್ತಿದ್ದೆನೋ ಏನೋ.

ಎರಡು ಸಾವಿರದ ದಶಕದ ನಡುವಿನ ಮಾತು. ಆಗ ಕೊಲ್ಲಿ ದೇಶದ ಬಿನ್ ಒಮ್ರಾನ್‌ ಎಂಬಲ್ಲಿದ್ದೆ. ಹಳೆಯ ಕಟ್ಟಡಗಳ ನಕ್ಷೆ ಮಾಡುವ ಸಣ್ಣ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್ ಕೆಲಸ. ಉತ್ತರದ ಕಡಲಿನ ಪುಟ್ಟ ದ್ವೀಪವೊಂದರಲ್ಲಿ ಜನ ಬಿಟ್ಟುಹೋದ ಮೀನುಗಾರರ ಹಳ್ಳಿಯಿತ್ತು. ಅಲ್ಲಿನ ಒಂದು ಮನೆಯನ್ನು ಅಳೆಯಲು ನಾನು ಮತ್ತು ಉಳ್ಳಾಲದ ಮೇಸ್ತ್ರಿ ಹಮೀದಾಕ ದೋಣಿಯಲ್ಲಿ ಹೋದೆವು. ಆ ಮನೆಯಲ್ಲೇ ಹುಟ್ಟಿದ ಅಬು ಸಾಲಿಂ ಎಂಬ ವೃದ್ಧರೂ ಜೊತೆಗೆ ಬಂದರು.

ಹವಳದ ಕಲ್ಲಿನ ದಪ್ಪ ಗೋಡೆ, ಹಿನ್ನೀರಲ್ಲಿ ಬೆಳೆಯುವ ಕಾಂಡ್ಲಾ ಮರದ ತೊಲೆ, ಅಂಗಳದ ಸುತ್ತ ನಾಲ್ಕು ಕೋಣೆ. ಮೂರನ್ನು ಅಳೆದಾಯಿತು. ನಾಲ್ಕನೆಯದರ ಬಾಗಿಲಲ್ಲಿ ಅಬು ಸಾಲಿಂ ತಡೆದರು. ಅವರ ಅರಬಿಯನ್ನು ಹಮೀದಾಕ ನನಗೆ ತಿಳಿಸಿದರು: ಅವರ ಅಜ್ಜನ ತಮ್ಮ ಮುತ್ತಿಗಾಗಿ ಕಡಲಲ್ಲಿ ಮುಳುಗಿದವನು ಮೇಲೆ ಬರಲಿಲ್ಲ. ಅವನಿಗೆಂದೇ ಈ ಕೋಣೆ ಕಟ್ಟಿಸಿದ್ದು. ಅವನು ಇಲ್ಲಿ ಮಲಗುತ್ತಾನೆ, ಅಳೆಯಬಾರದು.

ನಕ್ಷೆ ಪೂರ್ತಿಯಾಗದಿದ್ದರೆ ನನ್ನ ಕೆಲಸ ಉಳಿಯುವುದಿಲ್ಲ ಎಂದೆ. ವೃದ್ಧರು ಬಾಗಿಲಿನಿಂದ ಸರಿದು ನಿಂತರು.

ನಡುಹಗಲು, ಒಳಗೆ ಬೇಕಾದಷ್ಟು ಬೆಳಕಿತ್ತು. ಹೊರಗಿನ ಉದ್ದ ಐದು ಮೀಟರ್. ಗೋಡೆಗಳ ದಪ್ಪ ಕಳೆದರೆ ಒಳಗೆ ನಾಲ್ಕು ಬರಬೇಕು. ಐದೂಮುಕ್ಕಾಲು ಬಂತು. ಮತ್ತೆ ಅಳೆದೆ, ಅಷ್ಟೇ. ಟೇಪನ್ನು ಹಮೀದಾಕನಿಗೆ ಕೊಟ್ಟೆ, ಅವರೂ ಅಳೆದರು.

"ಟೇಪ್ ಸರಿ ಉಂಟು ಮಾರಾಯ್ರೆ. ಒಳಗೆ ಒಂದು ಆಳುದ್ದ ಜಾಸ್ತಿ ಬರ್ತದೆ," ಎಂದರು. ಟೇಪ್ ಸುತ್ತುತ್ತಾ, "ಯಲ್ಲಾ, ಬನ್ನಿ, ಹೊರಗೆ ಹೋಗುವ," ಎಂದರು.

ನನಗೆ ಹೆದರಿಕೆಯಾಗಲಿಲ್ಲ. ಯಾರೋ ಮಲಗಿರುವ ಕೋಣೆಗೆ ಚಪ್ಪಲಿ ಹಾಕಿಕೊಂಡು ನುಗ್ಗಿದವನ ಹಾಗೆ ನಾಚಿಕೆಯಾಯಿತು.

ನಕ್ಷೆಯಲ್ಲಿ ಆ ಕೋಣೆಯ ಅಳತೆ ಬರೆಯಲಿಲ್ಲ. ಕಾರಣ ಕೇಳಿದ ಮ್ಯಾನೇಜರಿಗೆ ಏನೂ ಹೇಳಲಾಗಲಿಲ್ಲ. ಎರಡು ವಾರದ ನಂತರ ಅವರು ಇನ್ನೊಬ್ಬನನ್ನು ಕಳಿಸಿದರು. ಅವನಿಗೆ ಸರಿಯಾಗಿ ನಾಲ್ಕು ಮೀಟರ್ ಸಿಕ್ಕಿತು. ನನ್ನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ.

ಊರಿಗೆ ಹೊರಡುವ ಮೊದಲು ಹಮೀದಾಕನ ಜೊತೆ ಅಲ್ ರಯ್ಯಾನ್‌ನಲ್ಲಿದ್ದ ಅಬು ಸಾಲಿಂ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಹೊಸ ಅಳತೆಯ ಸುದ್ದಿಯನ್ನೂ ಹೇಳಿದೆ.  ಅವರು ಮೆಲ್ಲಗೆ ಏನೋ ಅಂದರು.

"ಹಾಗಾದ್ರೆ ಅವ ಎದ್ದು ಹೋಗಿದ್ದಾನೆ ಅಂತ ಹೇಳ್ತಾರೆ," ಹಮೀದಾಕ ನನ್ನ ಮುಖ ನೋಡದೆ ಹೇಳಿದರು. "ಎಲ್ಲಿಗೆ ಅಂತ ನಿಮಗೆ ಗೊತ್ತುಂಟಾ ಅಂತ ಕೇಳ್ತಿದ್ದಾರೆ."