ಇಬ್ಬರು ಕೂಡುವಷ್ಟು ನೆಲ

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ವಂತ ಹೊಲದಲ್ಲಿ ಕುಣಿ ತೋಡಿ ಕೂಡಿಸುತ್ತಾರೆ. ಎಪ್ಪತ್ತರ ದಶಕದ ಮೊದಲಿಗೆ ನಾನು ಆಲಮೇಲದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದಾಗ, ನನ್ನ ಮಾವನ ಅಣ್ಣ ಮನೆಯ ಹಿಂದಿನ ಕಪ್ಪು ಮಣ್ಣಿನ ಎರೆಹೊಲದಲ್ಲಿ ಬೇವಿನ ಮರದ ಕೆಳಗೆ ಹಾಗೆ ಕೂತಿದ್ದರು. ಅವರ ಹೆಂಡತಿ, ಮಕ್ಕಳಿಲ್ಲದ ನನ್ನ ದೊಡ್ಡತ್ತೆ, ದಿನಾ ಸಂಜೆ ಅಲ್ಲಿಗೆ ಹೋಗಿ ಮನೆಯ ಸುದ್ದಿಯೆಲ್ಲ ಹೇಳಿ ಬರುತ್ತಿದ್ದರು. ನನ್ನ ಸಾರಿಗೆ ಉಪ್ಪು ಹೆಚ್ಚಾದದ್ದೂ ಆ ಸತ್ತವರಿಗೆ ಗೊತ್ತಾಗುತ್ತಿತ್ತು.

ಆಸ್ತಿ ಪಾಲಾಗುವಾಗ ಮಾವ ದೊಡ್ಡತ್ತೆಯ ಮುಂದೆ ಎರಡು ಮಾತಿಟ್ಟರು. ಭೀಮಾ ದಂಡೆಯ ಹೊಲವಾದರೆ ಅವರ ಹೆಸರಿಗೇ. ಮನೆಯ ಹಿಂದಿನದಾದರೆ ಜೀವ ಇರುವತನಕ ಉಣ್ಣುವ ಹಕ್ಕು, ಆಮೇಲೆ ಅದು ನಮ್ಮದು. ದೊಡ್ಡತ್ತೆ ಗಂಡ ಕೂತ ಹೊಲವನ್ನೇ ಆರಿಸಿ, ಸಿಂದಗಿಯ ವಕೀಲರು ಓದಿದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದು ಮಾವ ಮೀಸೆ ತೀಡಿಕೊಂಡರು.

ಮರುದಿನದಿಂದಲೇ ಶುರುವಾಯಿತು. ನಸುಕಿನಲ್ಲಿ ಮಾವ ದೊಡ್ಡತ್ತೆಯ ಕೋಣೆಯ ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುತ್ತಿದ್ದರು.

"ವೈನಿ, ಎದ್ದೀರೇನ್ರಿ?"

ಒಳಗಿಂದ ಕೆಮ್ಮು ಕೇಳಿಸಿದರೆ ಹೊರಟುಬಿಡುವರು. ಅದು ಕಾಳಜಿಯಲ್ಲ ಎಂದು ಎಂಥವರಿಗೂ ತಿಳಿಯುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಕೆಮ್ಮು ತಡವಾದರೆ ನನ್ನ ಕೈಯ ಬೀಸುಕಲ್ಲು ತಾನಾಗಿ ನಿಲ್ಲುತ್ತಿತ್ತು.

ಬೇಸಿಗೆಗೆ ಎರೆ ಬಾಯಿ ಬಿಟ್ಟಿತು. ದೊಡ್ಡಮಾವ ಕೂತಲ್ಲಿಯ ಮಗ್ಗುಲಿಗೇ ಒಂದು ಬಿರುಕು, ತೋಳು ಇಳಿಯುವಷ್ಟು. ದೊಡ್ಡತ್ತೆ ಅದರೊಳಗೆ ಕೈ ಬಿಟ್ಟು, "ಒಳಗ ತಂಪೈತಿ. ನನಗ ಜಾಗಾ ಹಿಡದಾರ," ಎಂದರು.

ಪಕ್ಕದಲ್ಲಿದ್ದ ಮಾವ ನಕ್ಕರು. "ಅಣ್ಣನ ಜಾಗಾ ಅಷ್ಟ ಬಿಟ್ಟು, ಇಲ್ಲಿ ದನದ ಕೊಟ್ಟಿಗಿ ಕಟ್ಟಸ್ತೇನ್ರಿ ವೈನಿ. ನಿಮ್ಮ ಕಾಲ ಆದ ಮ್ಯಾಲ."

"ಮತ್ತ ನನ್ನ ಎಲ್ಲಿ ಕೂಡಸ್ತಿ?"

"ಊರ ಮಂದಿದು ಸುಡಗಾಡ ಐತೆಲ್ರಿ. ಉಸರ ನಿಂತ ಮ್ಯಾಲ ಈ ಹೊಲ ನಿಮ್ಮದಲ್ಲ."

ಜೀವ ಇರುವತನಕದ ಹಕ್ಕು, ಬೇಕಾಗುವ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ ಎಂಬುದು ಆಗ ನಮಗಿಬ್ಬರಿಗೂ ತಿಳಿಯಿತು. ದೊಡ್ಡತ್ತೆಗೆ ಕೆಲವು ದಿನ ರೊಟ್ಟಿ ಸೇರಲಿಲ್ಲ. ಆಮೇಲೆ ಮಾವನನ್ನು ಕರೆದರು.

"ಹೊಲ ಎಲ್ಲಾ ನೀನ ಇಟ್ಕೋಪಾ. ಅವರದು, ನನ್ನದು, ಇಬ್ಬರು ಕೂಡೂವಷ್ಟು ನೆಲಾ ನನ್ನ ಹೆಸರಿಗೆ ಮಾಡು."

"ಹೊಟ್ಟಿಗೇನ್ರಿ ದೊಡ್ಡತ್ತಿ?" ಎಂದೆ ನಾನು.

"ನಿನ್ನ ಒಲಿ ಐತೆಲ್ಲವಾ."

ಮುದುಕಿಗೆ ತಲೆ ಕೆಟ್ಟಿತೆಂದು ಮಾವ ಖುಷಿಯಿಂದಲೇ ಸಿಂದಗಿಗೆ ಹೋಗಿ ಕಾಗದ ಮಾಡಿಸಿದರು. ದೊಡ್ಡತ್ತೆ ತಮ್ಮ ನೆಲದ ಮೂಲೆಗಳಿಗೆ ಕಲ್ಲು ನೆಡಿಸಿದರು.

ಇನ್ನು ಮಾವನಿಗೆ ಆ ಬಾಗಿಲಲ್ಲಿ ಕೆಲಸವಿರಲಿಲ್ಲ. ಆದರೂ ಬರುತ್ತಿದ್ದರು. ಚಟ ಹತ್ತಿಬಿಟ್ಟಿತ್ತು. ಒಂದು ಚಳಿಯ ನಸುಕಿನಲ್ಲಿ ಅವರ ಪ್ರಶ್ನೆ ಕೇಳಿಸಿತು, ಒಳಗಿನ ಕೆಮ್ಮೂ ಕೇಳಿಸಿತು, ವಾಪಸು ಹೋಗುವ ಹೆಜ್ಜೆ ಮಾತ್ರ ಕೇಳಿಸಲಿಲ್ಲ. ಹೋಗಿ ನೋಡಿದರೆ ಮಾವ ಕುಸಿದು ಕೂತಿದ್ದರು. ಕಿವಿ ಕದಕ್ಕೆ ಹತ್ತಿಕೊಂಡೇ ಇತ್ತು. ಜೀವ ಇರಲಿಲ್ಲ.

ಅವರನ್ನೂ ಅದೇ ಹೊಲದಲ್ಲಿ, ದೊಡ್ಡತ್ತೆಯ ಕಲ್ಲುಗಳ ಆಚೆ ಕೂಡಿಸಿದೆವು. ವರ್ಷ ತುಂಬಿದ ಮೇಲೆ ನನ್ನ ಗಂಡ ನದಿ ದಂಡೆಯಲ್ಲಿ ಕಬ್ಬು ಹಚ್ಚುವ ಆಸೆಗೆ ಮನೆಯ ಹಿಂದಿನ ಈ ಹೊಲ ಮಾರಿದರು. ಮಾವ ಕೂತ ಜಾಗ ಉಳದೆ ಬಿಡುತ್ತೇನೆಂದು ಕೊಂಡವನು ಬಾಯಿಮಾತಿನಲ್ಲಿ ಹೇಳಿದ್ದ. ಮಳೆ ಬಿದ್ದದ್ದೇ ಮಾವನ ಮೇಲೆ ನೇಗಿಲು ಹಾಯಿತು. ದೊಡ್ಡತ್ತೆಯ ಕಲ್ಲು ಬಂದಾಗ ಮಾತ್ರ ಅವನು ಎತ್ತು ತಿರುಗಿಸಿದ.

ಆ ಸಂಜೆ ನಾನೂ ದೊಡ್ಡತ್ತೆಯ ಜೊತೆ ಹೋದೆ. ಗಂಡನಿಗೆ ಸುದ್ದಿ ಹೇಳಿ ಮುಗಿಸಿ, ಅವರು ಕಲ್ಲಿನಾಚೆ ಉತ್ತ ಮಣ್ಣಿನ ಕಡೆ ಬಾಗಿದರು.

"ತಮ್ಮಾ, ಎದ್ದೀಯೇನಪಾ?"

ಕೇಳಿ, ಕಿವಿಯನ್ನು ಮಣ್ಣಿಗೆ ಹಚ್ಚಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಕೆಳಗಿನಿಂದ ಒಂದು ಕೆಮ್ಮು ಬಂದೀತೆಂದು ನಾನೂ ಉಸಿರು ಹಿಡಿದು ಕಾದೆ.