ಸತ್ತ ಗಾಯಕರ ಸರಾಸರಿ

ಚಳ್ಳಕೆರೆ ಬಸ್ ಸ್ಟ್ಯಾಂಡಿನ ಬಳಿ ಜನಪದ ಹಾಡುಗಳ ಆಲ್ಬಂ ಮಾಡಿಸಿ, ಪೆನ್‌ಡ್ರೈವಿಗೆ ತುಂಬಿ ಮಾರುವವರೊಬ್ಬರಿದ್ದರು. ಏನೇ ಕೇಳಿದರೂ ಮೊದಲು ಕನ್ನಡಕ ಒರೆಸಿಕೊಂಡು, "ಸರಾಸರಿ ನೋಡೋಣ್ರಿ" ಎನ್ನುತ್ತಿದ್ದರು.

ಒಮ್ಮೆ ಅವರ ಲೆಕ್ಕದಲ್ಲಿ, ತೀರಿಕೊಂಡ ಗಾಯಕರ ಆಲ್ಬಂಗಳ ಸರಾಸರಿ ಗಳಿಕೆ ಬದುಕಿದ್ದವರದ್ದಕ್ಕಿಂತ ದುಪ್ಪಟ್ಟು ಬಂತು. ಕೂಡಲೇ ದೇವಸಮುದ್ರದ ಗಾಯಕರೊಬ್ಬರ ಹೊಸ ಆಲ್ಬಂನ ಕವರಿನಲ್ಲಿ ಅವರ ಫೋಟೋಗೆ ಹಾರ ಹಾಕಿ ಅಚ್ಚು ಮಾಡಿಸಿದರು. ಜನ "ಅಯ್ಯೋ ಪಾಪ" ಎಂದು ಆಲ್ಬಂ ಕೊಂಡರು.

ಆ ಗಾಯಕರೇ ಅಂಗಡಿಗೆ ಬಂದರು. ಪೆನ್‌ಡ್ರೈವ್ ತುಂಬಿಕೊಡುವ ಕೆಲಸಕ್ಕಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ.

"ನಾನು ಬದುಕಿದೀನಲ್ರಿ."

"ಅದೇ ತೊಂದ್ರೆ ಆಗಿರೋದು," ಎಂದು ಅಂಗಡಿಯವರು ಹಾಳೆಯಲ್ಲಿ ಬರೆದ ಗಳಿಕೆಯ ಎರಡು ಕಂಬ ತೋರಿಸಿದರು. "ಉದ್ದದ್ದು ಸತ್ತವರದು. ಹಳೇದ್ರ ತರ ಇದರ ಮಾರಾಟಾನೂ ನಿಂತ್ರೆ ನಿಮ್ದು ಇನ್ನೊಂದು ಆಲ್ಬಂ ಮಾಡ್ಸೋಕಾಗಲ್ಲ."

ಗಾಯಕರು ಉದ್ದದ ಕಂಬವನ್ನು ಬೆರಳಲ್ಲಿ ಅಳೆದು ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಅಂಗಾದ್ರೆ ಎಷ್ಟು ದಿನ ಸತ್ತಿರ್ಬೇಕ್ರಿ?"