ಉಸಿರು ಮರೆತ ಕಂದಮ್ಮಗಳ ಅಂಗಾಲು ತಟ್ಟುವ ಮೊಬೈಲಕ್ಕ

ದಿನದ ಮೊದಲ ಕೆಲಸವೆಂದರೆ ಗೊಂಬೆಯ ಉಸಿರು ನಿಲ್ಲಿಸುವುದು.

ಬೀದಿದೀಪಗಳು ಇನ್ನೂ ಆರಿಲ್ಲ. ಮಾರುಕಟ್ಟೆಯ ಮೆಟ್ಟಿಲ ಕೆಳಗೆ ಒಂದು ಅಂಗಡಿ. ಇಬ್ಬರು ಒಳಗೆ ನಿಂತರೆ ಮೂರನೆಯವರು ಹೊರಗಿನಿಂದಲೇ ಮಾತಾಡಬೇಕು, ಅಷ್ಟು ಕಿರಿದು. ಅರ್ಧ ಎತ್ತಿದ ಶಟರಿನಡಿ ಬಗ್ಗಿ ಒಳಬಂದ ಹೆಂಗಸು ಮೇಜಿನ ದೀಪ ಹಾಕುತ್ತಾರೆ, ಕನ್ನಡಕ ಒರೆಸಿಕೊಳ್ಳುತ್ತಾರೆ. ಮೇಜಿನ ಮೇಲೆ ರಬ್ಬರ್ ಗೊಂಬೆಯೊಂದು ಅಂಗಾತ ಮಲಗಿದೆ. ಅದರ ಹೊಟ್ಟೆಯೊಳಗೆ ಬಲೂನಿದೆ. ಮೀನಿನ ತೊಟ್ಟಿಗೆ ಗಾಳಿ ಊದುವ ಪುಟ್ಟ ಪಂಪೊಂದು ಆ ಬಲೂನನ್ನು ಬಿಟ್ಟು ಬಿಟ್ಟು ಉಬ್ಬಿಸುತ್ತದೆ. ಗೊಂಬೆಯ ಹೊಟ್ಟೆ ನಿದ್ದೆಹೋದ ಕೂಸಿನ ಹೊಟ್ಟೆಯಂತೆ ಏರುತ್ತದೆ, ಇಳಿಯುತ್ತದೆ. ಅವರು ನಳಿಕೆಯನ್ನು ಬೆರಳಿನಿಂದ ಒತ್ತಿ ಹಿಡಿಯುತ್ತಾರೆ. ಇಳಿದ ಹೊಟ್ಟೆ ಮತ್ತೆ ಏಳುವುದಿಲ್ಲ. ಅಂಗಡಿಯಲ್ಲಿ ಸದ್ದಿಲ್ಲ. ಆಮೇಲೆ ಗೊಂಬೆಯ ಅಂಗಾಲಿಗೆ ಸುತ್ತಿದ ಬೆರಳಗಲದ ಪಟ್ಟಿಯೊಂದು ತಟ ತಟ ತಟ ಎಂದು ನಡುಗುತ್ತದೆ.

“ಹೂಂ, ನೀನು ಪಾಸು,” ಎಂದು ಆ ಪಟ್ಟಿಯನ್ನು ಬಿಚ್ಚಿ ಬಲಗಡೆಯ ಬುಟ್ಟಿಗೆ ಹಾಕುತ್ತಾರೆ. ಎಡಗಡೆಯ ಬುಟ್ಟಿಯಿಂದ ಇನ್ನೊಂದು ಬರುತ್ತದೆ. ಮತ್ತೆ ಗೊಂಬೆಯ ಉಸಿರು ನಿಲ್ಲುತ್ತದೆ.

ಮಾರುಕಟ್ಟೆಯವರಿಗೆಲ್ಲ ಇವರು ಮೊಬೈಲಕ್ಕ. ಹಗಲೆಲ್ಲ ಮಾಡುವುದು ಫೋನ್ ರಿಪೇರಿ. ಒಡೆದ ಗಾಜು, ನೀರಿಗೆ ಬಿದ್ದ ಫೋನು, ಮಗು ಕಚ್ಚಿದ ಚಾರ್ಜರು, ಎಲ್ಲವೂ ಇಲ್ಲಿಗೆ ಬರುತ್ತವೆ. ಆದರೆ ಅಕ್ಕಪಕ್ಕದ ಅಂಗಡಿಗಳ ಬಾಗಿಲು ತೆರೆಯುವ ತನಕದ ಹೊತ್ತು ಮಾತ್ರ ಪಟ್ಟಿಗೆ ಮೀಸಲು. ಆಗ ಎಂಥ ಖಾಸಾ ಗಿರಾಕಿ ಶಟರು ಬಡಿದರೂ ಒಳಗಿನಿಂದ ಉತ್ತರ ಬರುವುದಿಲ್ಲ.

ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಒಂದು ಗಂಡಾಂತರವಿದೆ. ಅವು ಆಗಾಗ ಉಸಿರಾಡುವುದನ್ನೇ ಮರೆಯುತ್ತವೆ. ಹಾಗಾದಾಗ ನರ್ಸಮ್ಮಂದಿರು ಮೊದಲು ಮಾಡುವ ಕೆಲಸ ಸರಳವಾದದ್ದು: ಅಂಗಾಲನ್ನು ಮೆತ್ತಗೆ ತಟ್ಟುವುದು. ಎಷ್ಟೋ ಸಲ ಅಷ್ಟಕ್ಕೇ ಕೂಸು ಬೆಚ್ಚಿ, ಮುಖ ಸಿಂಡರಿಸಿ, ಉಸಿರೆಳೆದುಕೊಳ್ಳುತ್ತದೆ. ಆದರೆ ತಟ್ಟಲು ಯಾರಾದರೂ ನೋಡುತ್ತಿರಬೇಕಲ್ಲ? ವಾರ್ಡಿನ ತುಂಬ ಕೂಸುಗಳು, ಸಿಸ್ಟರುಗಳು ಇಬ್ಬರೇ. ಉಸಿರಿನ ಮೇಲೆ ಕಣ್ಣಿಡುವ ದೊಡ್ಡ ಮಾನಿಟರುಗಳು ಸಣ್ಣ ಊರುಗಳ ಆಸ್ಪತ್ರೆಗಳ ಕೈಗೆಟುಕುವುದಿಲ್ಲ. ಯಾರೋ ದಾನ ಕೊಟ್ಟ ಒಂದೆರಡು ಇದ್ದರೂ ಕೆಟ್ಟು ಮೂಲೆ ಸೇರಿರುತ್ತವೆ. ಮೊಬೈಲಕ್ಕನ ಪಟ್ಟಿ ಹುಟ್ಟಿದ್ದು ಆ ಕೊರತೆಯ ಹೊಟ್ಟೆಯಿಂದ. ಒಂದು ಪಟ್ಟಿ ಕೂಸಿನ ಹೊಟ್ಟೆಯ ಏರಿಳಿತ ಗಮನಿಸುತ್ತದೆ. ಉಸಿರು ತಡೆದರೆ ಇನ್ನೊಂದು ಪಟ್ಟಿ ಅಂಗಾಲನ್ನು ತಟ್ಟುತ್ತದೆ. ತಟ್ಟುವುದು ನಮ್ಮ ನಿಮ್ಮ ಫೋನುಗಳು ಸದ್ದು ಮಾಡದೆ ಜೇಬಿನಲ್ಲಿ ಗುಂಯ್‌ಗುಡುತ್ತವಲ್ಲ, ಅದೇ ಕಡಲೆಕಾಳಿನಷ್ಟು ಮೋಟಾರು. ದೊಡ್ಡ ಮಾನಿಟರ್ ಒಂದರ ಬೆಲೆಯಲ್ಲಿ ಇಡೀ ವಾರ್ಡಿನ ಕೂಸುಗಳಿಗೆ ಇದನ್ನು ಕಟ್ಟಬಹುದು.

ರಿಪೇರಿ ಕೆಲಸವನ್ನು ಇವರು ಕಲಿತದ್ದು ಅಣ್ಣನ ಅಂಗಡಿಯಲ್ಲಿ, ಹೆಗಲ ಮೇಲಿಂದ ಇಣುಕಿ ನೋಡಿ. ಮದುವೆಯಾದ ಮೇಲೆ ಸ್ವಂತ ಅಂಗಡಿ ಇಟ್ಟರು. ಮೊದಮೊದಲು ಬಂದವರೆಲ್ಲ ಒಳಗೆ ಇಣುಕಿ, ಯಜಮಾನರು ಇಲ್ಲವೇ ಎಂದು ಕೇಳುತ್ತಿದ್ದರಂತೆ. “ಇದ್ದಾರೆ, ಹಿಂದಿನ ಬೀದೀಲಿ ಚಪ್ಪಲಿ ಹೊಲೀತಿದ್ದಾರೆ. ಅವರಿಗೇ ಫೋನ್ ಕೊಡಿ, ಒಳ್ಳೇ ಅಟ್ಟೆ ಹಾಕಿ ಕೊಡ್ತಾರೆ,” ಎನ್ನುತ್ತಿದ್ದರು ಇವರು. ಚಪ್ಪಲಿ ಹೊಲಿಯುವ ಯಜಮಾನರು ಈ ಮಾತನ್ನು ಈಗಲೂ ತಾವೇ ಮುಂದಾಗಿ ಹೇಳಿ ನಗುತ್ತಾರೆ.

ಎಲ್ಲ ಶುರುವಾದದ್ದು ನಾದಿನಿಯ ಹೆರಿಗೆಯಿಂದ. ಅತ್ತಿಗೆ ನಾದಿನಿಯರಿಗೆ ಆಗ ಮಾತಿರಲಿಲ್ಲ. ನಾದಿನಿ ರಿಪೇರಿಗೆ ಕೊಟ್ಟಿದ್ದ ಫೋನಿನಿಂದ ಅವಳ ಮದುವೆಯ ಫೋಟೋಗಳೆಲ್ಲ ಅಳಿಸಿಹೋಗಿ, ಎರಡು ಮನೆಗಳ ನಡುವೆ ಅಡುಗೆಯ ಪಾತ್ರೆಗಳ ಓಡಾಟವೂ ನಿಂತಿತ್ತು. ಅಷ್ಟರಲ್ಲಿ ನಾದಿನಿಗೆ ಏಳನೇ ತಿಂಗಳಲ್ಲೇ ಹೆಣ್ಣು ಕೂಸು ಹುಟ್ಟಿತು. ಅಂಗೈಯಲ್ಲಿ ಹಿಡಿಸುವಂಥ ಕೂಸು. ಎಲ್ಲರೂ ಅದನ್ನು ಕಾಳು ಎಂದರು. ಬಾಣಂತಿಗೆ ಎದ್ದು ಕೂರುವ ತ್ರಾಣವಿಲ್ಲ, ಮನೆಯಲ್ಲಿ ಬೇರೆ ಹೆಂಗಸರಿಲ್ಲ. ಮೊಬೈಲಕ್ಕ ಅಂಗಡಿಗೆ ಬೀಗ ಹಾಕಿ ಆಸ್ಪತ್ರೆಗೆ ಹೋದರು.

ವಾರ್ಡಿನ ದೊಡ್ಡ ಸಿಸ್ಟರು ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಕೂಸಿನ ಹೊಟ್ಟೆಯ ಮೇಲೆ ಕಣ್ಣಿಟ್ಟಿರಲು ಹೇಳಿದರು. ಅಲುಗಾಟ ನಿಂತರೆ ಅಂಗಾಲು ತಟ್ಟಿ ತಮ್ಮನ್ನು ಕೂಗಬೇಕೆಂದರು. “ಮೈಕ್ರೋಸ್ಕೋಪಿನಡಿ ಕೂದಲಿನಷ್ಟು ತಂತಿ ಬೆಸೆದೋಳು ನಾನು. ಕಣ್ಣು ಯಾವತ್ತೂ ಸೋತಿರಲಿಲ್ಲ. ಅಲ್ಲಿ ಅರ್ಧ ದಿನಕ್ಕೇ ಸೋತೋಯ್ತು,” ಎನ್ನುತ್ತಾರೆ. ರೆಪ್ಪೆ ಬಡಿಯಲೂ ಭಯವಾಗುತ್ತಿತ್ತಂತೆ. ಒಂದು ಮಧ್ಯಾಹ್ನ ಪಕ್ಕದ ತೊಟ್ಟಿಲ ಅಜ್ಜಿ ಬಟ್ಟೆ ಮಡಚಿಡಲು ಅತ್ತ ತಿರುಗಿದರು. ಇತ್ತ ತಿರುಗುವಷ್ಟರಲ್ಲಿ ಅವರ ಮೊಮ್ಮಗನ ತುಟಿ ನೀಲಿಯಾಗಿತ್ತು. ಸಿಸ್ಟರು ಓಡಿಬಂದು ಅಂಗಾಲು ತಟ್ಟಿ, ಮೂಗು ಬಾಯಿಗೆ ಮಾಸ್ಕ್ ಇಟ್ಟು ಗಾಳಿ ಒತ್ತಿದರು. ಕೂಸು ಉಳಿಯಿತು. ಆದರೆ ಆ ಅಜ್ಜಿ ಆಮೇಲೆ ಬಟ್ಟೆ ಮುಟ್ಟಲಿಲ್ಲ, ಊಟಕ್ಕೆ ಏಳಲಿಲ್ಲ, ಯಾರ ಮಾತಿಗೂ ತಲೆ ಎತ್ತಲಿಲ್ಲ.

ಆ ಅಜ್ಜಿಯ ಮುಖವನ್ನು ನೋಡುತ್ತ ಕೂತಿದ್ದಾಗಲೇ ಮೊಬೈಲಕ್ಕನ ಮಡಿಲಲ್ಲಿದ್ದ ಫೋನು ಗುಂಯ್‌ಗುಟ್ಟಿತು. ಯಾರೋ ಗಿರಾಕಿ. ಅವರು ಫೋನು ಎತ್ತಲಿಲ್ಲ. ಅದು ತೊಡೆಯ ಮೇಲೆ ನಡುಗಿ ನಡುಗಿ ಸುಮ್ಮನಾಗುವ ತನಕ ಹಾಗೇ ನೋಡಿದರು.

ಕಾಳು ಮನೆಗೆ ಬಂದ ಮೇಲೆ ಗೊಂಬೆ ಬಂತು, ಬಲೂನು ಬಂತು. ಮೊದಲ ಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡು ಅವರು ಮಕ್ಕಳ ಡಾಕ್ಟರ ಮುಂದೆ ನಿಂತರು. ಡಾಕ್ಟರಮ್ಮ ನಗಲೂ ಇಲ್ಲ, ಹೊಗಳಲೂ ಇಲ್ಲ. ಯೋಚನೆ ಸರಿಯಾಗಿದೆ, ಆದರೆ ಕೂಸಿನ ಮೈಗೆ ತಾಗುವ ಮೊದಲು ಇದು ನೂರು ಬಾಗಿಲು ದಾಟಬೇಕು ಎಂದರು. ಆ ಬಾಗಿಲುಗಳನ್ನು ತೋರಿಸಿಕೊಟ್ಟವರೂ ಅವರೇ. ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಪಟ್ಟಿ ಬಿಸಿಯಾಗುವುದೇ, ಕರೆಂಟು ಸೋರುವುದೇ ಎಂದು ಪರೀಕ್ಷೆಗಳಾದವು. ಮೊದಲ ಪರೀಕ್ಷೆಯಲ್ಲಿ ಅದು ಬಿಸಿಯಾಯಿತು. ಬ್ಯಾಟರಿಯನ್ನು ಕೂಸಿನ ಮೈಯಿಂದ ದೂರಕ್ಕೆ, ತೊಟ್ಟಿಲ ಹೊರಗಿನ ಡಬ್ಬಿಗೆ ಸಾಗಿಸಬೇಕಾಯಿತು. ಈ ಓಡಾಟದಲ್ಲಿ ಅಂಗಡಿ ಮುಚ್ಚಿದ ದಿನಗಳೇ ಹೆಚ್ಚಾಗಿ, ಅರ್ಧಕ್ಕರ್ಧ ಗಿರಾಕಿಗಳು ಎದುರುಗಡೆಯ ಅಂಗಡಿಯ ಪಾಲಾದರು. ಆಸ್ಪತ್ರೆಯ ಸಮಿತಿ ಒಪ್ಪಿ, ಮನೆಯವರ ಒಪ್ಪಿಗೆ ಪಡೆದು, ಗಟ್ಟಿಯಾಗಿ ಚೇತರಿಸಿಕೊಂಡ ಕೆಲವು ಕೂಸುಗಳಿಗೆ ಮೊದಲು ಕಟ್ಟುವ ಹೊತ್ತಿಗೆ ಕಾಳು ಗೋಡೆ ಹಿಡಿದು ನಡೆಯುತ್ತಿದ್ದಳು.

ಆಗ ಎದುರಾದದ್ದು ದೊಡ್ಡ ಸೋಲು. ಆ ಮೊದಲ ಪಟ್ಟಿ ಉಸಿರು ತಡೆದ ಕೂಡಲೇ, ಅಂಗಾಲು ತಟ್ಟುವುದರ ಜೊತೆಗೇ, ಹೊರಗಿನ ಡಬ್ಬಿಯಿಂದ ಜೋರಾಗಿ ಕೂಗಿಕೊಳ್ಳುತ್ತಿತ್ತು. ಕೂಸು ಬಿಕ್ಕಳಿಸಿದರೂ ಕೂಗು, ತಾಯಿ ಎತ್ತಿಕೊಂಡರೂ ಕೂಗು, ಆಕಳಿಸಿದರೂ ಕೂಗು. ತೋಳ ಬಂತು ತೋಳ ಎಂದ ಹುಡುಗನ ಕತೆಯೇ ಆಯಿತು. ಒಂದು ಬೆಳಗ್ಗೆ ಮೊಬೈಲಕ್ಕ ವಾರ್ಡಿಗೆ ಹೋದರೆ ಎಲ್ಲ ಡಬ್ಬಿಗಳೂ ತೆಪ್ಪಗಿದ್ದವು. ದೊಡ್ಡ ಸಿಸ್ಟರೇ ಅವುಗಳ ಬಾಯಿಗೆ ಹತ್ತಿ ತುರುಕಿ, ಮೇಲೆ ಪ್ಲಾಸ್ಟರು ಅಂಟಿಸಿದ್ದರು.

ಮೊಬೈಲಕ್ಕನಿಗೆ ಅಳು ಬಂತು, ಸಿಟ್ಟೂ ಬಂತು. ಜಗಳ ಆಡಲೆಂದೇ ಹತ್ತಿರ ಹೋದರು. ಸಿಸ್ಟರು ಕೈಯಲ್ಲಿದ್ದ ಕೂಸಿಗೆ ತೊಟ್ಟು ತೊಟ್ಟಾಗಿ ಹಾಲು ಹಾಕುತ್ತ, ತಲೆ ಎತ್ತದೆಯೇ ಹೇಳಿದರು: “ಅಲ್ಲ ಅಕ್ಕ, ಉಸಿರು ಮರೆತಿರೋದು ಮಗು. ಅದಕ್ಕೆ ಮೊದಲು ಹೇಳ್ಬೇಕೋ, ನನಗೆ ಹೇಳ್ಬೇಕೋ? ಮಗುಗೆ ಮೊದಲು ಹೇಳಿ. ಅದು ಕೇಳ್ಲಿಲ್ಲ ಅಂದ್ರೆ ನನ್ನ ಕೂಗಿ.”

ಜಗಳ ಅಲ್ಲಿಗೇ ಮುಗಿಯಿತು. ಈಗಿನ ಪಟ್ಟಿಯ ತಿರುಳೆಲ್ಲ ಆ ಒಂದು ಮಾತಿನಲ್ಲಿದೆ. ಉಸಿರು ತಡೆದರೆ ಅದು ಸದ್ದಿಲ್ಲದೆ ಅಂಗಾಲು ತಟ್ಟುತ್ತದೆ. ಉಸಿರು ಮರಳಿದರೆ ಯಾರಿಗೂ ತೊಂದರೆ ಕೊಡದೆ ಡಬ್ಬಿಯ ಮೇಲೊಂದು ಹಳದಿ ದೀಪ ಹೊತ್ತಿಸಿ ಸುಮ್ಮನಾಗುತ್ತದೆ. ಮರಳದಿದ್ದರೆ ಮಾತ್ರ ವಾರ್ಡಿನ ಆಚೆ ತುದಿಗೂ ಕೇಳುವಂತೆ ಕೂಗುತ್ತದೆ. ಅದು ಕೂಗಿತೆಂದರೆ ಈಗ ಸಿಸ್ಟರುಗಳು ನಿಜವಾಗಿಯೂ ಓಡುತ್ತಾರೆ.

ಇನ್ನು ಪಟ್ಟಿಯ ಬಟ್ಟೆಯ ಸಂಗತಿ. ದಿನ ತುಂಬದ ಕೂಸಿನ ಚರ್ಮ ಈರುಳ್ಳಿಯ ಒಳಪದರದಂತಿರುತ್ತದೆ. ಅಂಟಿಸಿದರೆ ಕಿತ್ತುಬರುತ್ತದೆ, ಬಿಗಿದರೆ ಗೆರೆ ಮೂಡುತ್ತದೆ. ಹೊಲಿಗೆಯವರು ಮಾಡಿಕೊಟ್ಟದ್ದೆಲ್ಲ ಜಾರಿತು, ಇಲ್ಲವೇ ಒತ್ತಿತು. ಕೊನೆಗೆ ಯಜಮಾನರು ಬಾಯಿಬಿಟ್ಟರು: ಕಾಲಿನ ವಿಷಯ ತಾನೇ, ಚಪ್ಪಲಿ ಹೊಲಿಯುವವನನ್ನು ಯಾಕೆ ಕೇಳಲಿಲ್ಲ? ಜೀವಮಾನವಿಡೀ ಹೊಲ ಗದ್ದೆ, ಡಾಂಬರು ರಸ್ತೆ ತುಳಿದ ಕಾಲುಗಳನ್ನು ಅಳೆದವರಿಗೆ ಡಾಕ್ಟರಮ್ಮ ತೋರಿಸಿದ ಕಾಲು ಅವರ ಹೆಬ್ಬೆರಳಿಗಿಂತ ಚಿಕ್ಕದಿತ್ತು. ಅಳತೆಯ ಟೇಪು ಜೇಬಿಗೆ ಮರಳಿತು. ಅವರು ದಾರದಲ್ಲಿ ಅಳೆದರು. ಹೊಲಿಗೆಯ ಗಂಟೆಲ್ಲ ಹೊರಬದಿಗೆ ಬರುವಂತೆ, ಕುದಿಸಿದರೂ ಗಡುಸಾಗದ ಮೆದು ಬಟ್ಟೆಯಲ್ಲಿ ಅವರು ಕತ್ತರಿಸಿದ ಮಾದರಿಯೇ ಇವತ್ತಿಗೂ ನಡೆಯುತ್ತಿದೆ. “ಇಷ್ಟು ವರ್ಷ ಸವೆದ ಚಪ್ಪಲಿ ನೋಡಿದ್ದೇ ಆಯ್ತು. ಈ ಕಾಲುಗಳು ನಡೆದು ಬಂದು ನನ್ನ ಹತ್ರ ಚಪ್ಪಲಿ ಸವೆಸ್ಲಿ,” ಎನ್ನುತ್ತಾರೆ ಅವರು.

ಹೊಸ ಪಟ್ಟಿ ಕಟ್ಟಿದ ದಿನ ವಾರ್ಡಿನಲ್ಲಿ ಡಾಕ್ಟರಮ್ಮ, ದೊಡ್ಡ ಸಿಸ್ಟರು, ಮೊಬೈಲಕ್ಕ ಮೂವರೂ ಒಂದೇ ತೊಟ್ಟಿಲ ಸುತ್ತ ಕೂತಿದ್ದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹೊಟ್ಟೆಯ ಅಲೆ ನಿಂತಿತು. ಡಾಕ್ಟರಮ್ಮನ ಕೈ ಕೂಸಿನ ಕಾಲಿನ ಹತ್ತಿರ ಹೋಗಿ ಗಾಳಿಯಲ್ಲೇ ತಡೆಯಿತು. ಪಟ್ಟಿ ನಡುಗಿತು. ಕಿರುಬೆರಳೊಂದು ಮಡಚಿಕೊಂಡಿತು, ಹುಬ್ಬು ಗಂಟಾಯಿತು, ಎದೆ ಮೇಲೆದ್ದಿತು. ಹಳದಿ ದೀಪ ಹೊತ್ತಿತು. ಡಾಕ್ಟರಮ್ಮ ಕೈ ಹಿಂದಕ್ಕೆ ತೆಗೆದುಕೊಂಡು, ಪಕ್ಕದ ತೊಟ್ಟಿಲಿಗೂ ಕಟ್ಟಿ ಎಂದಷ್ಟೇ ಹೇಳಿದರು. ಮೊಬೈಲಕ್ಕ ಎದ್ದು ಚೀಲದಿಂದ ಇನ್ನೊಂದು ಪಟ್ಟಿ ತೆಗೆದರು.

ಎಲ್ಲ ಕೂಸುಗಳೂ ಉಳಿಯುತ್ತವೆಂದು ಯಾರೂ ಹೇಳುವುದಿಲ್ಲ. ಪಟ್ಟಿ ಔಷಧವಲ್ಲ, ಸಿಸ್ಟರುಗಳ ಬದಲಿಗೆ ನಿಲ್ಲುವಂಥದ್ದೂ ಅಲ್ಲ ಎಂದು ಡಾಕ್ಟರಮ್ಮ ಹೊಸ ಆಸ್ಪತ್ರೆಯವರು ಕೇಳಿದಾಗಲೆಲ್ಲ ಎಚ್ಚರಿಸುತ್ತಾರೆ. ಆದರೂ ಕೇಳುವವರು ಹೆಚ್ಚುತ್ತಿದ್ದಾರೆ. ಸುತ್ತಲಿನ ಸಣ್ಣ ಆಸ್ಪತ್ರೆಗಳ ವಾರ್ಡುಗಳಲ್ಲಿ ಈಗ ಇದು ಇದೆ. ಸಿಸ್ಟರುಗಳು ಇಟ್ಟ ಹೆಸರು ತಟ್ಟಮ್ಮ. ಕೆಟ್ಟರೆ ದೂರದಿಂದ ಬಿಡಿಭಾಗ ತರಿಸಬೇಕಿಲ್ಲ. ಫೋನ್ ರಿಪೇರಿಯ ಯಾವ ಅಂಗಡಿಯಲ್ಲಾದರೂ ಮೋಟಾರು ಸಿಗುತ್ತದೆ. ಬದಲಿಸುವ ಬಗೆಯನ್ನು ಮೊಬೈಲಕ್ಕ ಆಯಾ ಊರಿನ ರಿಪೇರಿಯವರಿಗೆ ತಾವೇ ಹೋಗಿ ಕಲಿಸಿ ಬರುತ್ತಾರೆ. ಮೇಜಿನ ಮುಂದೆ ಈಗ ಕಾಳುವಿನ ತಾಯಿಯೂ ಕೂರುತ್ತಾಳೆ. ತಂತಿ ಬೆಸೆಯುವುದರಲ್ಲಿ ನಾದಿನಿಯ ಕೈ ತಮಗಿಂತ ಚುರುಕು ಎಂದು ಅತ್ತಿಗೆಯ ಮೆಚ್ಚುಗೆ. “ಫೋಟೋ ಹೋಗಿದ್ದಕ್ಕೆ ಇನ್ನೂ ಕ್ಷಮಿಸಿಲ್ಲ,” ಎನ್ನುತ್ತಾಳೆ ನಾದಿನಿ, ತಲೆ ಎತ್ತದೆ. ಹಾಲುಹಲ್ಲು ಬಿದ್ದ ಕಾಳು ಬೊಚ್ಚುಬಾಯಿ ತೆರೆದು ನಗುತ್ತಾಳೆ.

ಈಚೆಗೆ ಆಸ್ಪತ್ರೆ ನೋಡಲು ದೊಡ್ಡವರು ಬಂದಿದ್ದರು. ಎಲ್ಲರೂ ತೊಟ್ಟಿಲ ಸುತ್ತ ನಿಂತು ಫೋಟೋ ತೆಗೆಸಿಕೊಂಡರು. ಮೊಬೈಲಕ್ಕ ಆಗ ಹೊರಗಿನ ಬೆಂಚಿನ ಮೇಲೆ ಒಂದು ಡಬ್ಬಿಯ ಬ್ಯಾಟರಿ ಬದಲಿಸುತ್ತಿದ್ದರು. ಡಾಕ್ಟರಮ್ಮ ಹುಡುಕಿ ಕರೆಯುವಷ್ಟರಲ್ಲಿ ಕಾರುಗಳು ಹೊರಟಿದ್ದವು. ಬೇಜಾರಾಯಿತೇ ಎಂದರೆ ಫೋಟೋ ಇದ್ದ ಪತ್ರಿಕೆಯ ತುಂಡನ್ನು ತೋರಿಸುತ್ತಾರೆ. “ನೋಡಿ, ಪಟ್ಟಿ ಎಷ್ಟು ಚೆನ್ನಾಗಿ ಬಂದಿದೆ. ನಮ್ಮನೆಯವರು ಹೊಲಿಗೆ ಕಾಣ್ಸುತ್ತೆ ಅಂತ ಎಲ್ಲರಿಗೂ ತೋರಿಸ್ಕೊಂಡು ತಿರುಗ್ತಿದ್ದಾರೆ.”

ಇನ್ನೇನು ಆಸೆಯಿದೆ ಎಂದು ಕೇಳಿದರೆ ಸ್ಕ್ರೂಡ್ರೈವರನ್ನು ಬೆರಳುಗಳ ನಡುವೆ ಉರುಳಿಸುತ್ತಾರೆ. ಆಸೆ ಅಂಥದ್ದೇನಿಲ್ಲ, ಒಂದು ಸಂಗತಿ ಹೇಳುತ್ತೇನೆ ಎನ್ನುತ್ತಾರೆ.

“ಹೋದ ವಾರ ವಾರ್ಡಿಗೆ ಹೋಗಿದ್ದೆ. ದೊಡ್ಡ ಸಿಸ್ಟರು ಕುರ್ಚೀಲಿ ಒರಗಿ ಕೂತಿದ್ರು. ಕೈಲಿ ಚಹಾ. ಇಷ್ಟು ವರ್ಷದಲ್ಲಿ ಅವರು ಒಂದು ಸಲನೂ ಬಿಸಿ ಚಹಾ ಕುಡಿದಿದ್ದು ನಾನು ನೋಡಿರ್ಲಿಲ್ಲ, ಯಾವಾಗ್ಲೂ ಆರಿ ಕೆನೆ ಕಟ್ಟಿದ ಮೇಲೇ. ಅವತ್ತು ಲೋಟದಿಂದ ಹಬೆ ಏಳ್ತಿತ್ತು. ನಾನು ಮಾತಾಡಿಸದೆ ಬಾಗಿಲಲ್ಲೇ ನಿಂತುಬಿಟ್ಟೆ, ಅವರು ಪೂರ್ತಿ ಕುಡಿಯೋ ತನಕ.”